ಸಮಕ್ಕೆ ಬಂದು ಸೇರುವ ತನಕ

ಸಂಗೀತ ಕಚೇರಿಗಳಿಗೆ ಹೋಗುವವರಲ್ಲಿ ಅನೇಕ ಬಗೆಯವರುಂಟು. ಹಾಡುವವರ ಮುಖವನ್ನು ನೋಡುವವರು ಕೆಲವರು. ಪಕ್ಕದವರ ಸೀರೆಯನ್ನು ನೋಡುವವರು ಕೆಲವರು. ಕಣ್ಣು ಮುಚ್ಚಿ ರಾಗವನ್ನು ಸವಿಯುವವರು ಕೆಲವರಾದರೆ, ಕಣ್ಣು ಮುಚ್ಚಿ ನಿದ್ರೆಯನ್ನು ಸವಿಯುವವರು ಇನ್ನು ಕೆಲವರು. ಇವರೆಲ್ಲರಿಗಿಂತ ಬೇರೆಯಾದ ಇನ್ನೊಂದು ವರ್ಗವಿದೆ. ಅದು ತೊಡೆಯ ಮೇಲೆ ತಾಳ ಹಾಕುವವರ ವರ್ಗ. ಇವರಿಗೆ ನಿದ್ರೆಯಿಲ್ಲ, ಮಾತಿಲ್ಲ. ಕೊನೆಯ ಆವರ್ತನ ಮುಗಿಯುವವರೆಗೆ ಮನಸ್ಸಿಗೆ ನೆಮ್ಮದಿಯೂ ಇಲ್ಲ. ವೇದಿಕೆಯ ಮೇಲಿನ ವಿದ್ವಾಂಸನ ಮರ್ಯಾದೆಯೆಲ್ಲ ತಮ್ಮ ಬಲಗೈಯನ್ನೇ ನಂಬಿಕೊಂಡಿದೆಯೆಂಬ ಭಾವನೆ ಅವರದು.

ಬೆಂಗಳೂರಿನ ಚಾಮರಾಜಪೇಟೆಯ ಹಿರಿಯರೊಬ್ಬರು ಈ ವರ್ಗಕ್ಕೆ ಸೇರಿದವರು. ಅವರ ಉದ್ಯೋಗವೂ ಲೆಕ್ಕಪತ್ರಗಳ ತನಿಖೆಯೇ ಆಗಿದ್ದಿತು. ಹಗಲು ಸರ್ಕಾರದ ಲೆಕ್ಕವನ್ನೂ ಸಂಜೆ ಮೃದಂಗದ ಲೆಕ್ಕವನ್ನೂ ಅವರು ಒಂದೇ ಶ್ರದ್ಧೆಯಿಂದ ನೋಡುತ್ತಿದ್ದರು. 1939ರಲ್ಲಿ ಆರಂಭವಾದ ಶ್ರೀರಾಮ ಸೇವಾ ಮಂಡಳಿಯ ರಾಮನವಮಿ ಸಂಗೀತೋತ್ಸವ ಕೋಟೆ ಪ್ರೌಢಶಾಲೆಯ ಮೈದಾನದಲ್ಲಿ ನಡೆಯುವಾಗ, ಪತ್ನಿಯನ್ನು ಕರೆದುಕೊಂಡು ಹೋಗಿ ಚಪ್ಪರದಲ್ಲಿ ಒಂದು ನಿರ್ದಿಷ್ಟ ಕಂಬದ ಬಳಿ ಕುಳಿತುಕೊಳ್ಳುವುದು ನಲವತ್ತು ವರ್ಷಗಳ ವಾಡಿಕೆ. ಮನೆಗೆ ಬಂದೊಡನೆ ಒಂದು ದಿನಚರಿಯಲ್ಲಿ ಎರಡು ಸಾಲು ಬರೆಯುವರು: ಯಾರ ಕಚೇರಿ, ಪಕ್ಕವಾದ್ಯ ಯಾರದು, ತನಿ ಆವರ್ತನ ಎಷ್ಟು ಹೊತ್ತು, ತಾಳ ತಪ್ಪಿತೇ ಇಲ್ಲವೇ. ಕೊನೆಯ ಅಂಶ ವಿದ್ವಾಂಸರಿಗೆ ಸಂಬಂಧಿಸಿದ್ದಲ್ಲ, ಅವರದೇ ಕೈಗೆ ಸಂಬಂಧಿಸಿದ್ದು. ವರ್ಷ ವರ್ಷಗಳ ಪುಟಗಳಲ್ಲಿ ಆ ಜಾಗದಲ್ಲಿ ಒಂದೇ ಮಾತು: ‘ತಪ್ಪಲಿಲ್ಲ.’

ಇಂತಹ ಮನೆಯೊಳಗೆ 1983ರಲ್ಲಿ, ಕಾಲೇಜಿಗೆ ಹೋಗುತ್ತಿದ್ದ ಮಗನ ಕೈಯಲ್ಲಿ ಒಂದು ಕ್ಯಾಸೆಟ್ಟು ಬಂದು ಸೇರಿತು. ಗೆಳೆಯನೊಬ್ಬ ಎರವಲು ಕೊಟ್ಟದ್ದು. ‘ಮಹಾವಿಷ್ಣು ಆರ್ಕೆಸ್ಟ್ರಾ’ ಎಂಬ ಹೆಸರನ್ನು ಕೇಳಿ ತಾಯಿ ಸಂತೋಷಪಟ್ಟರು. ಹುಡುಗನಿಗೆ ಈಗಲಾದರೂ ದೇವರ ಮೇಲೆ ಭಕ್ತಿ ಬಂದಿತೆಂದು ಆಕೆಯ ಎಣಿಕೆ. 1973ರಲ್ಲಿ ಹೊರಬಂದ ‘ಬರ್ಡ್ಸ್ ಆಫ್ ಫೈರ್’ ಎಂಬ ಆ ಮುದ್ರಿಕೆ ಜಾಗಟೆಯ ನಾದದೊಂದಿಗೆ ತೆರೆದುಕೊಳ್ಳುತ್ತದೆ. ಆಕೆ ಅಡಿಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದು ನಿಂತರು. ಜಾಗಟೆಯ ಹಿಂದೆಯೇ ವಿದ್ಯುತ್ ಗಿಟಾರ್, ಪಿಟೀಲು, ಡ್ರಮ್ಮು ಎಲ್ಲವೂ ಏಕಕಾಲಕ್ಕೆ ಸಿಡಿದವು. ಗೋಡೆಗೆ ತೂಗುಹಾಕಿದ್ದ ಕ್ಯಾಲೆಂಡರು ಅಲುಗಾಡಿತು.

“ಜಾಗಟೆಯೇನೋ ಹೊಡೆದರು, ಮಂಗಳಾರತಿ ಮಾತ್ರ ಬರಲಿಲ್ಲವಲ್ಲೋ!” ಎಂದು ಆಕೆ ನಕ್ಕು ಒಳಗೆ ಹೋದರು.

ತಂದೆ ನಗಲಿಲ್ಲ. ಒಂದು ನಿಮಿಷ ನಿಂತು ಕೇಳಿ, “ತಾಳವೇನೋ ಇದೆ, ಮಾನವಿಲ್ಲ” ಎಂದು ತೀರ್ಪು ಕೊಟ್ಟು ವರಾಂಡದ ಕಡೆಗೆ ನಡೆದರು. ಲೆಕ್ಕ ತನಿಖೆ ಮಾಡುವವರ ತೀರ್ಪಿಗೆ ಮೇಲ್ಮನವಿಯಿಲ್ಲ. ಅಂದಿನಿಂದ ಆ ಮನೆಯಲ್ಲಿ ಸಂಗೀತಕ್ಕೆ ಎರಡು ಕೋಣೆಗಳಾದವು. ಊಟದ ಹೊತ್ತಿನಲ್ಲಿ ಕ್ರಿಕೆಟ್ಟು, ಮಳೆ, ತರಕಾರಿಯ ಬೆಲೆ ಮುಂತಾದ ಎಲ್ಲ ವಿಷಯಗಳೂ ಬರುತ್ತಿದ್ದವು. ಅಪ್ಪ-ಮಗ ಇಬ್ಬರಿಗೂ ಪ್ರಾಣಪ್ರಿಯವಾಗಿದ್ದ ವಿಷಯವೊಂದು ಮಾತ್ರ ಬರುತ್ತಿರಲಿಲ್ಲ.

ಮಗನನ್ನು ಮರುಳುಮಾಡಿದ್ದ ಆ ಸಂಗೀತದ ಜಾತಕವನ್ನು ಇಲ್ಲಿ ಸ್ವಲ್ಪ ನೋಡಬೇಕು. ಜಾಜ್ ಎಂಬುದು ಅಮೆರಿಕದ ಕರಿಯ ಜನಾಂಗದವರ ನಡುವೆ, ನ್ಯೂ ಆರ್ಲಿಯನ್ಸ್ ಪಟ್ಟಣದಲ್ಲಿ, ಇಪ್ಪತ್ತನೆಯ ಶತಮಾನದ ಆರಂಭದ ಹೊತ್ತಿಗೆ ರೂಪುಗೊಂಡ ಕಲೆ. ಒಂದು ಧಾಟಿಯನ್ನು ಎತ್ತಿಕೊಂಡು, ಅದರ ಚೌಕಟ್ಟಿನೊಳಗೆ ಒಬ್ಬೊಬ್ಬ ವಾದಕನೂ ಸ್ಥಳದಲ್ಲೇ ಹೊಸದನ್ನು ಕಲ್ಪಿಸುತ್ತ ಹೋಗುವುದು ಅದರ ಜೀವಾಳ. ನಮ್ಮವರು ಮನೋಧರ್ಮವೆಂದು ಕರೆಯುವುದಕ್ಕೆ ಅದು ದೂರದ ನೆಂಟ. ರಾಕ್ ಎಂಬುದು ಅನಂತರ ಬಂದ ತಮ್ಮ. ವಿದ್ಯುತ್ ಗಿಟಾರಿನ ಅಬ್ಬರ, ಎಲ್ಲರ ಕಾಲನ್ನೂ ಕುಣಿಸುವ ನೇರವಾದ ಲಯ, ಯುವಕರ ಸಂದಣಿ ಇವು ಅದರ ಸಂಪತ್ತು. ಅಣ್ಣನಿಗೆ ವಿದ್ಯೆ ಹೆಚ್ಚು, ಜನ ಕಡಿಮೆ. ತಮ್ಮನಿಗೆ ಜನ ಹೆಚ್ಚು. ಇಬ್ಬರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸುವ ಸಾಹಸವನ್ನು ಕೈಗೊಂಡವರಲ್ಲಿ ಪ್ರಮುಖನು ತುತ್ತೂರಿಯ ಮಹಾವಿದ್ವಾಂಸ ಮೈಲ್ಸ್ ಡೇವಿಸ್. 1969ರ ಆಗಸ್ಟಿನಲ್ಲಿ ಮೂರು ದಿನ ನ್ಯೂಯಾರ್ಕಿನಲ್ಲಿ ಧ್ವನಿಮುದ್ರಣಗೊಂಡು ಮರುವರ್ಷ ಹೊರಬಂದ ‘ಬಿಚಸ್ ಬ್ರೂ’ ಈ ಕವಲಿನ ಮೈಲಿಗಲ್ಲು.

ಆದರೆ ಮುದ್ರಿಕೆಗಿಂತ ದೊಡ್ಡ ಸಾಹಸ ವೇದಿಕೆಯ ಮೇಲೆ ನಡೆಯಿತು. 1970ರ ಮಾರ್ಚಿನಲ್ಲಿ ನ್ಯೂಯಾರ್ಕಿನ ಫಿಲ್ಮೋರ್ ಈಸ್ಟ್ ಎಂಬ ರಾಕ್ ಸಭಾಂಗಣದಲ್ಲಿ, ನೀಲ್ ಯಂಗ್ ಎಂಬ ತರುಣ ಗಾಯಕನ ಕಚೇರಿಗೆ ಮುನ್ನ ನುಡಿಸಲು ಮೈಲ್ಸ್ ಡೇವಿಸ್ ಒಪ್ಪಿಕೊಂಡನು. ಜಾಜ್ ಲೋಕದ ಚಕ್ರವರ್ತಿ ತನಗಿಂತ ಬಹು ಕಿರಿಯನಿಗೆ ಪೀಠಿಕೆ ಹಾಕುವುದೆಂದರೇನು! ಮುಂದೆ ಕುಳಿತಿದ್ದ ಯುವಕರಲ್ಲಿ ಅನೇಕರಿಗೆ ಆ ಸಂಗೀತ ಅಪರಿಚಿತ. ಒಂದು ಕೃತಿ ಮುಗಿದು ಇನ್ನೊಂದು ಆರಂಭವಾಗುವ ನಡುವೆ ಬಿಡುವಿರಲಿಲ್ಲ. ತುತ್ತೂರಿಯಲ್ಲಿ ಅವನು ಒಂದು ಸಣ್ಣ ಸ್ವರಗುಚ್ಛವನ್ನು ಸೂಚಿಸಿದೊಡನೆ ಇಡೀ ತಂಡ ಬಂಡಿಯ ಎತ್ತುಗಳಂತೆ ಹೊಸ ದಾರಿಗೆ ಹೊರಳಬೇಕಾಗಿದ್ದಿತು. ಅದೇ ವರ್ಷದ ಆಗಸ್ಟ್ 29ರಂದು ಇಂಗ್ಲೆಂಡಿನ ಐಲ್ ಆಫ್ ವೈಟ್ ದ್ವೀಪದ ಉತ್ಸವದಲ್ಲಿ ಲಕ್ಷಗಟ್ಟಲೆ ಜನರ ಮುಂದೆ ಅವನ ತಂಡ ಸುಮಾರು 38 ನಿಮಿಷ ತಡೆಯಿಲ್ಲದೆ ನುಡಿಸಿತು. ಹಳೆಯ ಅಭಿಮಾನಿಗಳಲ್ಲಿ ಅನೇಕರು ‘ಕೆಟ್ಟುಹೋದ’ ಎಂದು ಕೈಬಿಟ್ಟರು. ಚಾಮರಾಜಪೇಟೆಯ ವರಾಂಡದಂತಹ ವರಾಂಡಗಳು ಎಲ್ಲ ದೇಶಗಳಲ್ಲಿಯೂ ಇರುತ್ತವೆ.

‘ಬಿಚಸ್ ಬ್ರೂ’ವಿನಲ್ಲಿ ನುಡಿಸಿದ್ದ ಇಂಗ್ಲೆಂಡಿನ ಯಾರ್ಕ್‌ಷೈರಿನ ತರುಣ ಗಿಟಾರ್ ವಾದಕನೇ ಜಾನ್ ಮೆಕ್‌ಲಾಫ್ಲಿನ್. ಗುರು ಶ್ರೀ ಚಿನ್ಮಯ್ ಅವರು ಇಟ್ಟ ‘ಮಹಾವಿಷ್ಣು’ ಎಂಬ ಹೆಸರಿನಲ್ಲಿ ಆತ 1971ರಲ್ಲಿ ಐವರ ತಂಡವನ್ನು ಕಟ್ಟಿದನು. ಡ್ರಮ್ಮಿನ ಬಿಲ್ಲಿ ಕಾಬಮ್ ಹುಟ್ಟಿದ್ದು ಪನಾಮಾದಲ್ಲಿ. ಕೀಬೋರ್ಡಿನ ಯಾನ್ ಹಮ್ಮರ್ ಚೆಕ್ ದೇಶದವನು. ಪಿಟೀಲಿನ ಜೆರಿ ಗುಡ್‌ಮನ್ ಅಮೆರಿಕದವನು. ಬೇಸ್ ಗಿಟಾರಿನ ರಿಕ್ ಲೇರ್ಡ್ ಐರ್ಲೆಂಡಿನವನು. ಐವರು, ಐದು ದೇಶ. ಬಿಳಿಯ ಉಡುಪು ಧರಿಸಿ ಬಂದ ಮೆಕ್‌ಲಾಫ್ಲಿನ್, ಗದ್ದಲ ಮಾಡುತ್ತಿದ್ದ ಸಭಿಕರನ್ನು ಮೊದಲು ಒಂದು ನಿಮಿಷ ಮೌನವಾಗಿರುವಂತೆ ಕೇಳಿಕೊಳ್ಳುತ್ತಿದ್ದನು. ಆ ಮೌನದ ಅಂಚಿನಿಂದ ಸಂಗೀತ ಒಮ್ಮೆಗೇ ಧುಮುಕುವುದು. ರಾಕ್ ಸಂಗೀತದ ನಾಲ್ಕರ ಎಣಿಕೆಗೆ ಒಗ್ಗಿದ್ದ ಕಾಲುಗಳ ಮುಂದೆ ಐದು, ಏಳು, ಒಂಬತ್ತರ ಎಣಿಕೆಗಳು ಓಡುತ್ತಿದ್ದವು. ಗಿಟಾರ್ ಎಸೆದ ವಾಕ್ಯವನ್ನು ಪಿಟೀಲು ಹಿಡಿಯುವುದು, ಪಿಟೀಲು ಎಸೆದುದನ್ನು ಕೀಬೋರ್ಡು ಹಿಡಿಯುವುದು. ಹಮ್ಮರನ ಪುಟ್ಟ ವಿದ್ಯುತ್ ಯಂತ್ರದಲ್ಲಿ ಸ್ವರವನ್ನು ಬಾಗಿಸಲು ಒಂದು ಚಕ್ರವಿದ್ದು, ಅದರಿಂದ ಅವನು ಗಿಟಾರಿನ ತಂತಿಯನ್ನು ಎಳೆದಂತೆ ಸ್ವರವನ್ನು ಜಾರಿಸುತ್ತಿದ್ದನು. 1973ರ ಕೊನೆಯ ಹೊತ್ತಿಗೆ ಈ ಐವರ ಕೂಟ ಒಡೆದುಹೋಯಿತು. ಅಷ್ಟು ಬಿಸಿಯಾದ ಒಲೆ ಬಹುಕಾಲ ಉರಿಯಲಾರದೆಂದು ತೋರುತ್ತದೆ.

ಏಳರ ಎಣಿಕೆ ಎಂದರೆ ಮಿಶ್ರಛಾಪು, ಐದೆಂದರೆ ಖಂಡಛಾಪು. ಇದನ್ನು ಮಗನು ತಂದೆಗೆ ಹೇಳಬಹುದಾಗಿದ್ದಿತು. ಹೇಳಲು ಹೋದಾಗಲೆಲ್ಲ ವರಾಂಡದಲ್ಲಿ ವೃತ್ತಪತ್ರಿಕೆ ಮುಖಕ್ಕೆ ಅಡ್ಡ ಬರುತ್ತಿದ್ದಿತು.

ಒಂದು ಸಂಧಾನ ಮಾತ್ರ ನಡೆಯಿತು. ಮಹಾವಿಷ್ಣು ತಂಡದ ಅಬ್ಬರದಲ್ಲಿದ್ದಾಗಲೇ ಮೆಕ್‌ಲಾಫ್ಲಿನ್ ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ಡಾ. ಎಸ್. ರಾಮನಾಥನ್ ಅವರ ಬಳಿ ವೀಣೆ ಕಲಿಯುತ್ತಿದ್ದನು. ಅಲ್ಲಿ ಪಿಟೀಲಿನ ಎಲ್. ಶಂಕರ್ ಅವರ ಪರಿಚಯವಾಯಿತು. ಅವರೊಡನೆ ತಬಲಾದ ಜಾಕಿರ್ ಹುಸೇನ್, ಘಟದ ವಿಕ್ಕು ವಿನಾಯಕರಾಂ, ಮೃದಂಗದ ಆರ್. ರಾಘವನ್ ಕೂಡಿ ‘ಶಕ್ತಿ’ ಎಂಬ ತಂಡವಾಯಿತು. ಎತ್ತರದ ಧ್ವನಿವರ್ಧಕಗಳ ಗೋಡೆಯನ್ನು ಬಿಟ್ಟು, ಜಮಖಾನೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು ನುಡಿಸುವ ತಂಡ! ಅದರ ಮೊದಲ ಮುದ್ರಿಕೆ 1975ರ ಜುಲೈನಲ್ಲಿ ನ್ಯೂಯಾರ್ಕ್ ರಾಜ್ಯದ ಲಾಂಗ್ ಐಲೆಂಡಿನ ಕಾಲೇಜೊಂದರಲ್ಲಿ ಸಭಿಕರ ಎದುರಿನಲ್ಲಿಯೇ ಧ್ವನಿಮುದ್ರಣಗೊಂಡಿತು. ಆ ಕ್ಯಾಸೆಟ್ಟನ್ನು ಮಗನು ಒಂದು ಭಾನುವಾರ ಮಧ್ಯಾಹ್ನ, ಹೆಸರು ಹೇಳದೆ ಹಾಕಿದನು. ವೃತ್ತಪತ್ರಿಕೆ ನಿಧಾನವಾಗಿ ಕೆಳಗಿಳಿಯಿತು.

“ಇದು ವಿನಾಯಕರಾಂ ಅವರ ಘಟವಲ್ಲವೇನೋ?”

“ಹೌದಪ್ಪ.”

ಹಿರಿಯರು ಪೂರ್ತಿ ಒಂದು ಮಗ್ಗುಲನ್ನು ಕೇಳಿದರು. ಕೈ ತೊಡೆಯ ಮೇಲೆ ಆಡಿತು. ಕೊನೆಗೆ, “ಪಿಟೀಲು ಸೊಗಸು. ಘಟದ ವಿಷಯ ಕೇಳುವ ಹಾಗೇ ಇಲ್ಲ. ಆದರೆ ಆ ಗಿಟಾರಿನವನಿಗೆ ಯಾವ ರೈಲು ಹಿಡಿಯುವ ಅವಸರ?” ಎಂದು ಪತ್ರಿಕೆಯನ್ನು ಮತ್ತೆ ಎತ್ತಿಕೊಂಡರು. ಸಂಧಾನ ಅಲ್ಲಿಗೆ ನಿಂತಿತು.

ಹಾಗೆ ನೋಡಿದರೆ ಇಂತಹ ಕೂಟಗಳಿಗಾಗಿ ನ್ಯೂಯಾರ್ಕಿಗೇ ಹೋಗಬೇಕಾಗಿರಲಿಲ್ಲ. ಟಿ. ಎ. ಎಸ್. ಮಣಿಯವರು 1964ರಲ್ಲಿ ಬೆಂಗಳೂರಿನಲ್ಲಿಯೇ ಸ್ಥಾಪಿಸಿದ ‘ಕರ್ನಾಟಕ ಕಾಲೇಜ್ ಆಫ್ ಪರ್ಕಷನ್’ ಸಂಸ್ಥೆಯವರು ಗಾಯಕಿ ಆರ್. ಎ. ರಮಾಮಣಿಯವರೊಡನೆ ಯೂರೋಪಿನ ಜಾಜ್ ವೇದಿಕೆಗಳನ್ನು ಏರಿದ್ದರು. ಬಾಸ್ಟನ್ನಿನಲ್ಲಿ ಹುಟ್ಟಿದ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮೇರಿಯಾನೋ ಅವರೊಡನೆ ಕೂಡಿ ಮಾಡಿದ ‘ಜ್ಯೋತಿ’ ಎಂಬ ಮುದ್ರಿಕೆ ಹೊರಬಂದದ್ದು, ಚಾಮರಾಜಪೇಟೆಯ ಮನೆಗೆ ಆ ಕ್ಯಾಸೆಟ್ಟು ಬಂದ 1983ರಲ್ಲಿಯೇ. ಮಂಗಳೂರಿನ ಕದ್ರಿ ಗೋಪಾಲನಾಥರೂ 1980ರಲ್ಲಿ ಮುಂಬಯಿಯ ಜಾಜ್ ಉತ್ಸವದಲ್ಲಿ ನುಡಿಸುತ್ತಿದ್ದಾಗ, ಅದನ್ನು ಕೇಳಿ ಬೆರಗಾದ ಅಮೆರಿಕದ ಜಾನ್ ಹ್ಯಾಂಡಿ ತಾನೂ ವೇದಿಕೆಗೆ ಬರಲೇ ಎಂದು ಕೇಳಿ ಜೊತೆಗೆ ನುಡಿಸಿದ್ದುಂಟು. ಒಂದೇ ಊರಿನ, ಒಂದೇ ನಾಡಿನ ವಿದ್ವಾಂಸರು ಸಾಗರ ದಾಟಿ ಕೈಕುಲುಕುತ್ತಿದ್ದರು. ಒಂದು ಮನೆಯ ವರಾಂಡದಿಂದ ನಡುಮನೆಗೆ ಮಾತ್ರ ದಾರಿ ಸಿಕ್ಕಲಿಲ್ಲ.

ಮಗ ಓದು ಮುಗಿಸಿ, 1990ರ ಸುಮಾರಿಗೆ ಕ್ಯಾಲಿಫೋರ್ನಿಯಾಕ್ಕೆ ಹೋಗಿ ನೆಲಸಿದನು. ಕ್ಯಾಸೆಟ್ಟು ತಟ್ಟೆಯಾಯಿತು, ತಟ್ಟೆ ಕಿಸೆಯ ದೂರವಾಣಿಯೊಳಕ್ಕೆ ಸೇರಿತು. ಸಂಗೀತ ಅದೇ. ಆದರೆ ಆ ಸಂಗೀತವನ್ನು ಕಣ್ಣೆದುರಿಗೆ ಕೇಳುವ ಭಾಗ್ಯ ಬಂದದ್ದು 2017ರ ಡಿಸೆಂಬರ್ 8ರಂದು, ಸ್ಯಾನ್ ಫ್ರಾನ್ಸಿಸ್ಕೋದ ವಾರ್‌ಫೀಲ್ಡ್ ರಂಗಮಂದಿರದಲ್ಲಿ. 75 ವರ್ಷದ ಮೆಕ್‌ಲಾಫ್ಲಿನ್ ಅಮೆರಿಕಕ್ಕೆ ವಿದಾಯ ಹೇಳುವ ಪ್ರವಾಸದಲ್ಲಿ ಮಹಾವಿಷ್ಣುವಿನ ಹಳೆಯ ಕೃತಿಗಳನ್ನು ಮತ್ತೆ ನುಡಿಸುತ್ತಿದ್ದರು. ಅವರ ತಂಡವೊಂದು, ಜಿಮ್ಮಿ ಹೆರಿಂಗ್ ಎಂಬ ಅಮೆರಿಕದ ಗಿಟಾರ್ ವಾದಕರ ತಂಡವೊಂದು. ಮೊದಲು ಬೇರೆ ಬೇರೆಯಾಗಿ, ಅನಂತರ ಎರಡೂ ಒಟ್ಟಾಗಿ.

ಮೂವತ್ತನಾಲ್ಕು ವರ್ಷ ಕಿವಿಯಲ್ಲಿ ಕೇಳಿದುದನ್ನು ಮಗನು ಆ ರಾತ್ರಿ ಮೊದಲ ಬಾರಿಗೆ ಎದೆಯಲ್ಲಿ ಕೇಳಿದನು. ಇದು ಅಲಂಕಾರದ ಮಾತಲ್ಲ. ಬೇಸ್ ಗಿಟಾರಿನ ಕೆಳಗಿನ ಸ್ವರಗಳು ಕಿವಿಗಿಂತ ಮೊದಲು ಕುರ್ಚಿಗೆ ಬರುತ್ತವೆ, ಕುರ್ಚಿಯಿಂದ ಬೆನ್ನಿಗೆ ಏರುತ್ತವೆ, ಪಕ್ಕೆಲುಬುಗಳ ಒಳಗೆ ನಿಲ್ಲುತ್ತವೆ. ಡ್ರಮ್ಮಿನ ಒಂದೊಂದು ಹೊಡೆತವೂ ಯಾರೋ ಎದೆಯ ಮೇಲೆ ಅಂಗೈಯಿಟ್ಟು ಮೆಲ್ಲನೆ ನೂಕಿದಂತೆ. ಆದರೆ ರೋಮಾಂಚನದ ಮೂಲ ಆ ಅಬ್ಬರದಲ್ಲಿರಲಿಲ್ಲ. ಅಬ್ಬರ ಜಾತ್ರೆಯಲ್ಲಿಯೂ ಉಂಟು, ಗಿರಣಿಯಲ್ಲಿಯೂ ಉಂಟು. ಗಿಟಾರ್ ವಾದಕ ಪಲ್ಲವಿಯ ದಡವನ್ನು ಬಿಟ್ಟು ದೂರ ದೂರ ಹೋಗುತ್ತಾನೆ. ಡ್ರಮ್ಮಿನವನು ಅವನನ್ನು ಹಿಂದಕ್ಕೆ ಕರೆಯುವುದಕ್ಕೆ ಬದಲಾಗಿ ಇನ್ನೂ ಆಳಕ್ಕೆ ಅಟ್ಟುತ್ತಾನೆ. ಲಯ ಚೂರುಚೂರಾದಂತೆ ತೋರುತ್ತದೆ. ಈಗ ಏನಾದೀತು? ಸಭೆಯಲ್ಲಿದ್ದ ಒಬ್ಬರಿಗೂ ತಿಳಿಯದು. ನುಡಿಸುವವರಿಗೂ ಪೂರ್ತಿ ತಿಳಿದಂತಿಲ್ಲ. ಒಂದು ನೋಟ, ತಲೆಯ ಒಂದು ಸಣ್ಣ ಬಾಗು. ಮರುಕ್ಷಣವೇ ಅತಿ ವೇಗದ ಒಂದು ದೀರ್ಘ ವಾಕ್ಯವನ್ನು ಎಲ್ಲರೂ ಒಂದೇ ಕೈಯೆಂಬಂತೆ ನುಡಿಸಿ ಒಟ್ಟಿಗೆ ಬಂದು ನಿಲ್ಲುತ್ತಾರೆ. ಹಿಡಿದಿದ್ದ ಉಸಿರನ್ನು ಬಿಟ್ಟ ಇಡೀ ಸಭಾಂಗಣ ಕೂಗಿತು. ಆ ಕೂಗಿನಲ್ಲಿ ಐವತ್ತು ದಾಟಿದ ಒಬ್ಬ ಚಾಮರಾಜಪೇಟೆಯ ಹುಡುಗನ ಕೂಗೂ ಸೇರಿದ್ದಿತು.

ಹೊರಗೆ ಬಂದವನೇ ಅವನು ಬೆಂಗಳೂರಿಗೆ ದೂರವಾಣಿ ಮಾಡಿದನು. ಇಲ್ಲಿ ಮಧ್ಯಾಹ್ನ, ಊಟದ ಹೊತ್ತು. “ಅಪ್ಪ, ಡ್ರಮ್ಮು ನುಡಿಸಿದ ರಣಜಿತ್ ಬಾರೋಟ್ ನಮ್ಮವರೇ, ಕಥಕ್ಕಿನ ಸಿತಾರಾದೇವಿಯವರ ಮಗ. ಬಾಯಲ್ಲಿ ಜತಿ ಹೇಳಿ ಕೈಯಲ್ಲಿ ನುಡಿಸಿಬಿಟ್ಟರು!” ಎಂದು ಒಂದೇ ಉಸಿರಿನಲ್ಲಿ ಹೇಳಿದನು. ತಂದೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಚಳಿಯಲ್ಲಿ ನಿಂತು ಮಾತಾಡುತ್ತಿದ್ದೀಯೇನು? ಮನೆಗೆ ಹೋಗು” ಎಂದರು. ತಾಯಿ ಮಾತ್ರ ದೂರವಾಣಿಯನ್ನು ಕಸಿದುಕೊಂಡು, “ಮಂಗಳಾರತಿ ಆಯಿತೇನೋ?” ಎಂದು ಕೇಳಿದರು.

ಆಕೆ 2019ರಲ್ಲಿ ತೀರಿಕೊಂಡರು. ಅನಂತರ ಹಿರಿಯರು ಕಚೇರಿಗಳಿಗೆ ಹೋಗುವುದನ್ನು ಬಿಟ್ಟುಬಿಟ್ಟರು. ಕೇಳಿದವರಿಗೆಲ್ಲ ಮಂಡಿನೋವೆಂದು ಹೇಳಿದರು. ರಾಮನವಮಿಯ ದಿನಗಳಲ್ಲಿ ಮನೆಯ ಕಿಟಕಿಯನ್ನು ಹಾಕಿಕೊಳ್ಳುವ ಅಭ್ಯಾಸವಾಯಿತು. ದಿನಚರಿಯ ಪುಟಗಳು ಬಿಳಿಯಾಗಿಯೇ ಉಳಿದವು. ಇದನ್ನು ಮಗನು ರಜಕ್ಕೆ ಬಂದಾಗ ಕಂಡನು, ಕಂಡು ಮಾತಾಡಲಿಲ್ಲ.

2023ರ ಜನವರಿಯಲ್ಲಿ ‘ಶಕ್ತಿ’ ತಂಡದ 50ನೆಯ ವರ್ಷದ ಪ್ರವಾಸ ಬೆಂಗಳೂರಿಗೂ ಬಂದಿತು. ಮಗ ಎರಡು ಟಿಕೆಟ್ಟುಗಳನ್ನು ತಂದು ದಿನಚರಿಯ ಮೇಲಿಟ್ಟನು.

“ನೀವು ಬರಬೇಕು, ಅಪ್ಪ.”

“ನನಗೇಕಪ್ಪ ಅದು? ಮಂಡಿ ನೋವು.”

“ಕುರ್ಚಿ ಇರುತ್ತೆ.”

“ಆ ಗಿಟಾರಿನವನಿಗೆ ಇನ್ನೂ ರೈಲು ಸಿಕ್ಕಲಿಲ್ಲವೇ?”

“ಅವರಿಗೆ ಈ ತಿಂಗಳು 81 ತುಂಬಿತು. ಇನ್ನೂ ಓಡುತ್ತಲೇ ಇದ್ದಾರೆ.”

ಹಿರಿಯರಿಗೂ ಹೆಚ್ಚುಕಡಿಮೆ ಅದೇ ವಯಸ್ಸು. ಈ ಮಾತು ಅವರನ್ನು ಎಲ್ಲಿಯೋ ಕೆಣಕಿರಬೇಕು. ಸಂಜೆ ಸ್ವೆಟರು ಹಾಕಿಕೊಂಡು, ಕಿಸೆಯಲ್ಲಿ ಕಲ್ಲುಸಕ್ಕರೆ ಇಟ್ಟುಕೊಂಡು ಹೊರಟು ನಿಂತರು.

ವೇದಿಕೆಯ ಮೇಲೆ ಮೆಕ್‌ಲಾಫ್ಲಿನ್, ಜಾಕಿರ್ ಹುಸೇನ್, ಗಾಯಕ ಶಂಕರ್ ಮಹಾದೇವನ್, ಪಿಟೀಲಿನ ಗಣೇಶ್ ರಾಜಗೋಪಾಲನ್. ಖಂಜಿರ ಹಿಡಿದವರು ವಿ. ಸೆಲ್ವಗಣೇಶ್, ಘಟದ ವಿನಾಯಕರಾಂ ಅವರ ಮಗ. ಸುತ್ತಲೂ ಮೊಮ್ಮಕ್ಕಳ ವಯಸ್ಸಿನ ಹುಡುಗರು, ಹುಡುಗಿಯರು. ಮೊದಲ ಅರ್ಧ ಗಂಟೆ ಹಿರಿಯರು ನ್ಯಾಯಾಧೀಶರಂತೆ ಕೈಕಟ್ಟಿಕೊಂಡು ಕುಳಿತಿದ್ದರು. ಖಂಜಿರ ಮೊಳಗಿದಾಗ ಮಗನ ಕಡೆಗೆ ಬಾಗಿ, “ಅಪ್ಪನ ಕೈ ಮಗನ ಕೈಯಲ್ಲಿ ಕೇಳಿಸುತ್ತೆ ಕಣೋ” ಎಂದರು. ಕಟ್ಟಿದ್ದ ಕೈ ಬಿಚ್ಚಿತು. ಬಲಗೈ ತೊಡೆಯ ಮೇಲೆ ಇಳಿಯಿತು. ನಾಲ್ಕು ವರ್ಷಗಳ ಬಳಿಕ ಆ ಕೈ ತನ್ನ ಉದ್ಯೋಗಕ್ಕೆ ಮರಳಿತು.

ತಬಲಾಕ್ಕೂ ಖಂಜಿರಕ್ಕೂ ಸವಾಲು-ಜವಾಬು ಹತ್ತಿತು. ಮೊದಲು ದೀರ್ಘವಾದ ಪ್ರಶ್ನೆ, ಅಷ್ಟೇ ದೀರ್ಘವಾದ ಉತ್ತರ. ಅನಂತರ ಅರ್ಧ, ಕಾಲು, ಅರೆಕಾಲು. ಪ್ರಶ್ನೆಯೆಲ್ಲಿ ಮುಗಿಯಿತು, ಉತ್ತರವೆಲ್ಲಿ ಹುಟ್ಟಿತು ಎಂಬುದೇ ತಿಳಿಯದಂತೆ ಎರಡೂ ಕೂಡಿಕೊಂಡವು. ನಡುವೆ ಗಿಟಾರೂ ಧುಮುಕಿತು. ಬಾಯಲ್ಲಿ ಹೇಳುವ ಕೊನ್ನಕ್ಕೋಲಿನ ಜತಿಗಳನ್ನು ಶ್ರದ್ಧೆಯಿಂದ ಕಲಿತು, ಸೆಲ್ವಗಣೇಶರೊಡನೆ ಕೂಡಿ ಅದರ ಪಾಠವನ್ನೇ ಚಿತ್ರಮುದ್ರಿಕೆಯಾಗಿ ಹೊರತಂದವರು ಈ ಮೆಕ್‌ಲಾಫ್ಲಿನ್. ಅವಸರವೆಂದು ಅಂದು ತೋರಿದ್ದರ ಹಿಂದೆ ಎಷ್ಟು ಲೆಕ್ಕವಿದೆಯೆಂದು ತನಿಖೆಯ ಕಣ್ಣಿಗೆ ಈಗ ಕಾಣತೊಡಗಿತು. ಲಯ ಒಳಗೊಳಗೇ ಮಡಿಸಿಕೊಂಡಿತು. ಮಗ ಪಕ್ಕಕ್ಕೆ ತಿರುಗಿ ನೋಡಿದನು.

ತಂದೆಯ ಕೈ ಗಾಳಿಯಲ್ಲಿ ನಿಂತಿದ್ದಿತು. ಮೇಲೆತ್ತಿದ ಕೈ ಎಲ್ಲಿ ಇಳಿಯಬೇಕೆಂದು ತಿಳಿಯದೆ, ದಾರಿ ತಪ್ಪಿದ ಮಗುವಿನಂತೆ ನಿಂತಿದ್ದಿತು. ನಲವತ್ತು ವರ್ಷಗಳ ‘ತಪ್ಪಲಿಲ್ಲ’ ಅಲ್ಲಿಗೆ ಮುಗಿಯಿತು. ಮಗನಿಗೆ ಒಂದು ಕ್ಷಣ ಭಯವೇ ಆಯಿತು. ಆದರೆ ಆ ಮುಖದಲ್ಲಿ ಸೋಲಿರಲಿಲ್ಲ. ಬಾಯಿ ಅರ್ಧ ತೆರೆದು, ಕಣ್ಣು ಅರಳಿ, ಹಿರಿಯರು ನಗುತ್ತಿದ್ದರು. ಸಿಕ್ಕಿಬಿದ್ದವರ ನಗೆಯಲ್ಲ, ಉಯ್ಯಾಲೆ ಅತಿ ಎತ್ತರಕ್ಕೆ ಹೋದಾಗ ಮಕ್ಕಳು ನಗುವ ನಗೆ. ವೇದಿಕೆಯ ಮೇಲೆ ಮುಕ್ತಾಯದ ಜತಿ ಮೊದಲ ಬಾರಿ ಬಂದಿತು, ಎರಡನೆಯ ಬಾರಿ ಬಂದಿತು, ಮೂರನೆಯ ಬಾರಿ ಬಂದಿತು. ಸಭೆಯ ಸಾವಿರಾರು ಜನ ಉಸಿರು ಹಿಡಿದರು. ಎಲ್ಲ ವಾದ್ಯಗಳೂ ಸಮದ ಮೇಲೆ ಬಂದಿಳಿದ ಕ್ಷಣದಲ್ಲಿಯೇ ಗಾಳಿಯಲ್ಲಿದ್ದ ಕೈ ಇಳಿಯಿತು. ಇಳಿದದ್ದು ತಮ್ಮ ತೊಡೆಯ ಮೇಲಲ್ಲ, ಮಗನ ತೊಡೆಯ ಮೇಲೆ, ಫಟ್ಟೆಂದು!

ಕಾರಿನಲ್ಲಿ ಮನೆಗೆ ಬರುವಾಗ ಬಹಳ ಹೊತ್ತು ಮಾತಿರಲಿಲ್ಲ. ಮಗನೇ ಕೇಳಿದನು: “ಅಪ್ಪ, ಇದೇ ತಂಡದ ಕ್ಯಾಸೆಟ್ಟನ್ನು ಹಿಂದೆ ಹಾಕಿದಾಗ ಏಕೆ ನಿಮಗೆ ಹಿಡಿಸಲಿಲ್ಲ?”

ಹಿರಿಯರು ಕಲ್ಲುಸಕ್ಕರೆಯ ಚೂರೊಂದನ್ನು ಬಾಯಿಗೆ ಹಾಕಿಕೊಂಡು ಯೋಚಿಸಿದರು. “ಕ್ಯಾಸೆಟ್ಟಿನಲ್ಲಿ ಅವರು ಆಗಲೇ ಬಂದು ಸೇರಿಬಿಟ್ಟಿರುತ್ತಾರಪ್ಪ. ತಪ್ಪಿದ್ದರೆ ಅದನ್ನು ಯಾರು ಮಾರುತ್ತಿದ್ದರು? ಇಲ್ಲಿ ಹಾಗಲ್ಲ. ಇಲ್ಲಿ ಇನ್ನೂ ಬರಬೇಕು. ಬರುತ್ತಾರೋ ಇಲ್ಲವೋ ಎಂದು ನಾವೂ ಅವರ ಜೊತೆಗೆ ಜೀವ ಹಿಡಿದುಕೊಂಡಿರುತ್ತೇವೆ. ನಿನ್ನ ಅಮ್ಮನೂ ಹಾಗೇ. ತನಿ ಮುಗಿಯುವವರೆಗೆ ನನ್ನ ತೋಳನ್ನು ಹಿಡಿದುಕೊಂಡೇ ಇರುತ್ತಿದ್ದಳು. ತಾಳ ತಪ್ಪದೆ ಇದ್ದದ್ದು ನನ್ನ ಹೆಚ್ಚುಗಾರಿಕೆಯಿಂದಲೋ ಅವಳು ಹಿಡಿದುಕೊಂಡಿದ್ದರಿಂದಲೋ, ಯಾರಿಗೆ ಗೊತ್ತು?”

ಮಗ ಏನನ್ನೂ ಹೇಳದೆ ಕಾರನ್ನು ನಿಧಾನವಾಗಿ ನಡೆಸಿದನು. ಮೂವತ್ತನಾಲ್ಕು ವರ್ಷ ಕಾದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ತಾನು ಕಂಡುಕೊಂಡದ್ದನ್ನು ಈ ಮುದುಕರು ಕೋಟೆಯ ಮೈದಾನದ ಚಪ್ಪರದಲ್ಲಿ ಎಂದೋ ಕಂಡುಕೊಂಡಿದ್ದರಲ್ಲಾ ಎಂದು ಅವನಿಗೆ ಅನಿಸಿರಬೇಕು. ವಾದ್ಯಗಳು ಬೇರೆ, ಊರು ಬೇರೆ, ಉಡುಪು ಬೇರೆ. ಹಿಡಿದ ಉಸಿರು ಮಾತ್ರ ಒಂದೇ.

ಆ ವರ್ಷದ ರಾಮನವಮಿಯಲ್ಲಿ ಹಿರಿಯರು ಮತ್ತೆ ಚಪ್ಪರಕ್ಕೆ ಹೋದರು. ಮಂಡಿನೋವು ಹಾಗೆಯೇ ಇದ್ದಿತು.

ಶಕ್ತಿ ತಂಡದ ‘ದಿಸ್ ಮೊಮೆಂಟ್’ ಎಂಬ ಹೊಸ ಮುದ್ರಿಕೆ 2023ರಲ್ಲಿಯೇ ಬಂದು, 2024ರ ಫೆಬ್ರವರಿಯಲ್ಲಿ ಗ್ರ್ಯಾಮಿ ಪ್ರಶಸ್ತಿಯನ್ನೂ ಪಡೆಯಿತು. ‘ಈ ಕ್ಷಣ’ ಎಂಬ ಆ ಹೆಸರಿನ ಅರ್ಥ ಬಲು ಬೇಗ ಎಲ್ಲರಿಗೂ ಮನದಟ್ಟಾಯಿತು. 2024ರ ಡಿಸೆಂಬರ್ 15ರಂದು ಜಾಕಿರ್ ಹುಸೇನ್ ಅವರು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ, 73ನೆಯ ವಯಸ್ಸಿನಲ್ಲಿ ತೀರಿಕೊಂಡರು. ಸುದ್ದಿಯನ್ನು ತಿಳಿಸಲು ಮಗ ದೂರವಾಣಿ ಮಾಡಿದಾಗ ತಂದೆಗೆ ಆಗಲೇ ತಿಳಿದಿದ್ದಿತು. ಅವರ ಎಷ್ಟೋ ಮುದ್ರಿಕೆಗಳು ಇಬ್ಬರ ಬಳಿಯೂ ಇದ್ದವು. ಆ ದಿನ ಇಬ್ಬರೂ ಯಾವುದನ್ನೂ ಹಾಕಲಿಲ್ಲ.

“ಅಪ್ಪ, ನಾವು ಕೇಳಿದೆವಲ್ಲ” ಎಂದನು ಮಗ.

“ಕೇಳಿದೆವು” ಎಂದರು ತಂದೆ.

ದೂರವಾಣಿಯನ್ನು ಕೆಳಗಿಟ್ಟು, ಅವರು 2023ರ ದಿನಚರಿಯನ್ನು ತೆಗೆದು ಜನವರಿಯ ಆ ಪುಟವನ್ನು ನೋಡಿದರು. ಕಲಾವಿದರ ಹೆಸರುಗಳು ಎಂದಿನಂತೆ ಅಚ್ಚುಕಟ್ಟಾಗಿದ್ದವು. ತನಿ ಎಷ್ಟು ಹೊತ್ತು ಎಂಬ ಜಾಗ ಮಾತ್ರ ಖಾಲಿ. ಅಂದು ಗಡಿಯಾರ ನೋಡಲು ಮರೆತಿದ್ದರು. ಅದರ ಕೆಳಗೆ, ಲೆಕ್ಕಪತ್ರದ ಕೈಬರಹದಲ್ಲಿ, ಹೀಗೆ ಬರೆದಿದ್ದಿತು: ‘ತಾಳ ತಪ್ಪಿತು. ಪರಮಾನಂದವಾಯಿತು.’